ಸೊಳ್ಳೆ ವೈರಸ್ ಕರುಳಿನ ಕೋಶಕ್ಕೆ ಯಾವ ಕಡೆಯಿಂದ ನುಗ್ಗುತ್ತೆ? ಕ್ಯಾಕೋ-2, ಆರ್ಗನಾಯ್ಡ್ ಪ್ರಯೋಗ ಮಾಡುವವರ ಚರ್ಚೆ

ಕರುಳುಬಳ್ಳಿ:
ನಮಸ್ಕಾರ. ಡೆಂಗಿ, ಝಿಕಾ ಥರದ ವೈರಸ್‌ಗಳು ಮನುಷ್ಯರ ಕರುಳಿನ ಕೋಶಕ್ಕೂ ಸೋಂಕು ತಗುಲಿಸುತ್ತವಾ ಅನ್ನೋದರ ಮೇಲೆ ಎಂಎಸ್ಸಿ ಪ್ರಾಜೆಕ್ಟ್. ಕೈಯಲ್ಲಿರೋದು ಕ್ಯಾಕೋ-2 ಕೋಶ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕರುಳಿನ ಕೋಶ), ಸಿ6/36 ಅನ್ನೋ ಸೊಳ್ಳೆ ಕೋಶದಲ್ಲಿ ಬೆಳೆಸಿದ ಡೆಂಗಿ-2 ವೈರಸ್ ಸ್ಟಾಕ್, ಆರ್‌ಎನ್‌ಎ ಅಳೆಯೋ ಒಂದು ಕ್ಯೂಪಿಸಿಆರ್ ಯಂತ್ರ. ಮಾಮೂಲಿ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಕೋಶ ಬೆಳೆಸಿ, ಮೇಲಿಂದ ವೈರಸ್ ಹಾಕಿ, 48 ಗಂಟೆ ಬಿಟ್ಟು ಆರ್‌ಎನ್‌ಎ ಅಳೆದರೆ ಸಾಕಲ್ವಾ? ಟ್ರಾನ್ಸ್‌ವೆಲ್ ಇನ್‌ಸರ್ಟ್ (ತಳದಲ್ಲಿ ರಂಧ್ರಗಳ ಪೊರೆ ಇರೋ ಪುಟ್ಟ ಬಟ್ಟಲು, ಕೋಶದ ಮೇಲೂ ಕೆಳಗೂ ಬೇರೆ ಬೇರೆ ಕೋಣೆ) ತರಿಸಲೇಬೇಕಾ? ಬಜೆಟ್ ಬಿಗಿ.

ಹೆಬ್ಬಾಳ ವೈರಾಲಜಿ:
ಸಾಕಾಗಲ್ಲ. ಆರ್‌ಎನ್‌ಎ ವಿಷಯ ಆಮೇಲೆ, ಮೊದಲು ದಿಕ್ಕು ನೋಡೋಣ.

ಕರುಳಿನ ಒಳಪದರದ ಕೋಶಕ್ಕೆ ಎರಡು ಮುಖ. ಆಹಾರ ಹರಿಯುವ ಕಡೆ ಮೇಲ್ಮುಖ, ರಕ್ತದ ಕಡೆ ತಳಮುಖ. ಅಕ್ಕಪಕ್ಕದ ಕೋಶಗಳು ಬಿಗಿಯಾಗಿ ಬೆಸೆದುಕೊಂಡಿರೋದರಿಂದ ಈ ಮುಖದ ಪ್ರೋಟೀನು ಆ ಮುಖಕ್ಕೆ ಜಾರಿಕೊಂಡು ಹೋಗಲ್ಲ. ಹೀಗಾಗಿ ವೈರಸ್ ಹಿಡಿದುಕೊಳ್ಳುವ ಅಣುಗಳೂ ಎರಡು ಕಡೆ ಒಂದೇ ಸಮ ಇರಲ್ಲ. ಡೆಂಗಿ, ಝಿಕಾ ಸೇರಿರುವ ಫ್ಲೇವಿವೈರಸ್ ಬಳಗ ಮೊದಲು ಅಂಟಿಕೊಳ್ಳುವ ಹೆಪರಾನ್ ಸಲ್ಫೇಟ್ ಅನ್ನೋ ಸಕ್ಕರೆ ಸರಪಳಿಯನ್ನೇ ನೋಡಿ, ಕರುಳಿನ ಕೋಶದಲ್ಲಿ ಅದು ಹೆಚ್ಚಾಗಿ ಇರೋದು ತಳಮುಖದಲ್ಲಿ.

ಸೊಳ್ಳೆ ಕಚ್ಚಿದಾಗ ವೈರಸ್ ಬೀಳೋದು ಚರ್ಮಕ್ಕೆ. ಅಲ್ಲಿನ ಡೆಂಡ್ರಿಟಿಕ್ ಕೋಶ, ಆಮೇಲೆ ದುಗ್ಧಗ್ರಂಥಿ, ಅಲ್ಲಿಂದ ರಕ್ತ. ಜ್ವರ ಶುರುವಾಗುವ ಒಂದೆರಡು ದಿನ ಮುಂಚಿನಿಂದ ಸುಮಾರು ಐದನೇ ದಿನದವರೆಗೆ ರಕ್ತದಲ್ಲಿ ವೈರಸ್ ಓಡಾಡುತ್ತಿರುತ್ತೆ. ಕರುಳಿನ ಒಳಪದರದ ಕೆಳಗೇ ಲೋಮನಾಳಗಳ ಜಾಲ ಇದೆ. ಅಲ್ಲಿಂದ ಹೊರಬಂದ ವೈರಸ್ ಕೋಶವನ್ನು ಮುಟ್ಟಿದರೆ ತಳಮುಖದಲ್ಲೇ ಮುಟ್ಟಬೇಕು. ನೀವು ಚಪ್ಪಟೆ ಪ್ಲೇಟಿನಲ್ಲಿ ಕೋಶ ಬೆಳೆಸಿದಾಗ ಆ ತಳಮುಖವೇ ಪ್ಲಾಸ್ಟಿಕ್‌ಗೆ ಅಂಟಿ ಕೂತಿರುತ್ತೆ. ಮೇಲಿಂದ ವೈರಸ್ ಸುರಿದರೆ ನೀವು ಕೇಳ್ತಿರೋದು "ವೈರಸ್ ನುಂಗಿದರೆ ಏನಾಗುತ್ತೆ" ಅಂತ. ನಿಮ್ಮ ಪ್ರಾಜೆಕ್ಟಿನ ಪ್ರಶ್ನೆ ಅದಲ್ಲವಲ್ಲ.

ಗುಟ್ಟಹಳ್ಳಿ ಗುಂಡ:
ಮೇಡಂ, ಮಧ್ಯೆ ಬಾಯಿ ಹಾಕ್ತೀನಿ. ನುಂಗಿದರೆ ಏನಾಗುತ್ತೆ? "ಡೆಂಗಿ ಈಗ ಹೊಟ್ಟೆಗೂ ಬರುತ್ತೆ, ಹೊರಗಡೆ ತಿನ್ನಬೇಡಿ" ಅಂತ ನಮ್ಮ ಏರಿಯಾ ಗ್ರೂಪಿನಲ್ಲಿ ಫಾರ್ವರ್ಡ್ ಹರಿದಾಡ್ತಿದೆ.

ಹೆಬ್ಬಾಳ ವೈರಾಲಜಿ:
ಊಟ, ನೀರಿನಿಂದ ಡೆಂಗಿ ಬರಲ್ಲ. ಫಾರ್ವರ್ಡ್ ಅಳಿಸಿ.

ಕಾರಣ ಮಾತ್ರ ತಿಳಿದುಕೊಳ್ಳೋ ಥರದ್ದು. ಡೆಂಗಿ ವೈರಸ್ ಸುಮಾರು 50 ನ್ಯಾನೋಮೀಟರ್ ಗಾತ್ರದ ಚೆಂಡು, ಮೇಲೆ ಕೊಬ್ಬಿನ ಹೊದಿಕೆ. ಹೊದಿಕೆ ಮೇಲೆ 180 ಇ-ಪ್ರೋಟೀನುಗಳು ಎರಡೆರಡು ಜೋಡಿಯಾಗಿ ಅಡ್ಡ ಮಲಗಿರುತ್ತವೆ. ಕೋಶ ಅದನ್ನು ಒಳಗೆ ಎಳೆದುಕೊಂಡು ಎಂಡೋಸೋಮ್ ಅನ್ನೋ ಚೀಲಕ್ಕೆ ಹಾಕಿದಾಗ ಅಲ್ಲಿನ ಪಿಎಚ್ ಸುಮಾರು 6.5ಕ್ಕಿಂತ ಕೆಳಗಿಳಿಯುತ್ತೆ. ಆಗ ಜೋಡಿ ಬಿಚ್ಚಿ, ಮೂರು ಮೂರಾಗಿ ಎದ್ದು ನಿಂತು, ಚೀಲದ ಪೊರೆಗೆ ಚುಚ್ಚಿ ಎರಡೂ ಪೊರೆಗಳನ್ನು ಬೆಸೆಯುತ್ತವೆ. ಒಮ್ಮೆ ಎದ್ದ ಮೇಲೆ ಮತ್ತೆ ಮಲಗೋ ಮಾತಿಲ್ಲ. ಜಠರದಲ್ಲಿ ಪಿಎಚ್ 1.5ರಿಂದ 3.5. ಅಲ್ಲಿ ಚುಚ್ಚೋಕೆ ಪೊರೆಯೇ ಸಿಗದೆ ಇ-ಪ್ರೋಟೀನು ಸುಮ್ಮನೆ ಸಿಡಿದುಬಿಡುತ್ತೆ. ಇಲಿ ಬರೋ ಮುಂಚೆಯೇ ಬಿದ್ದ ಬೋನಿನ ಕಥೆ. ಹೇಗೋ ಪಾರಾಗಿ ಮುಂದೆ ಹೋದ ವೈರಸ್ಸಿದ್ದರೆ ಪಿತ್ತರಸದ ಲವಣಗಳು ಅದರ ಕೊಬ್ಬಿನ ಹೊದಿಕೆಯನ್ನು ಕರಗಿಸುತ್ತವೆ. ಪೋಲಿಯೋ, ರೋಟಾ ವೈರಸ್‌ಗಳಿಗೆ ಆ ಹೊದಿಕೆಯೇ ಇಲ್ಲ, ಅದಕ್ಕೇ ಅವು ಹೊಟ್ಟೆಯ ದಾರಿಯಲ್ಲಿ ಬದುಕಿ ಸಾಗುತ್ತವೆ.

ಸೊಳ್ಳೆಮೇಷ್ಟ್ರು:
ಇದಕ್ಕೊಂದು ತಮಾಷೆಯ ಎದುರುರೂಪ ಇದೆ. ಸೊಳ್ಳೆಯ ಒಳಗೆ ಇದೇ ವೈರಸ್ ಹೋಗೋದು ಆಹಾರದ ದಾರಿಯಲ್ಲೇ! ಈಡಿಸ್ ಈಜಿಪ್ಟೈ ಒಂದು ಸಲಕ್ಕೆ 2-3 ಮೈಕ್ರೋಲೀಟರ್ ರಕ್ತ ಹೀರುತ್ತೆ. ಅದರಲ್ಲಿರುವ ವೈರಸ್ ಸೊಳ್ಳೆಯ ನಡುಗರುಳಿನ ಕೋಶಕ್ಕೆ ಮೇಲ್ಮುಖದಿಂದಲೇ ನುಗ್ಗಿ, ತಳಮುಖದಿಂದ ಹೊರಬಿದ್ದು, ಮೈಯೆಲ್ಲ ಹರಡಿ ಜೊಲ್ಲುಗ್ರಂಥಿ ತಲುಪೋಕೆ 8-12 ದಿನ. ಸೊಳ್ಳೆಗೆ ನಮ್ಮ ಥರ ಹುಳಿ ಜಠರ ಇಲ್ಲ. ರಕ್ತ ತುಂಬಿದ ನಡುಗರುಳಿನಲ್ಲಿ ಪಿಎಚ್ ತಟಸ್ಥದ ಆಸುಪಾಸು, ಇಲ್ಲವೇ ಕ್ಷಾರದ ಕಡೆಗೆ. ಹಾಗಾಗಿ ಕರುಳಿನ ಕೋಶಕ್ಕೂ ಈ ವೈರಸ್‌ಗೂ ಆಗಿಬರಲ್ಲ ಅಂತ ತೀರ್ಮಾನಿಸಬೇಡಿ. ತಡೆಯೋದು ಜಠರದ ಹುಳಿ, ಪಿತ್ತ. ಕೋಶ ಅಲ್ಲ.

ಗುಂಡ ಅವರಿಗೆ ಒಂದು ಮಾತು. ಹೊರಗಿನ ತಿಂಡಿ ಬಿಡೋದಕ್ಕಿಂತ ಸಂಪಿನ ಮುಚ್ಚಳ, ತಾರಸಿಯ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ ವಾರಕ್ಕೊಮ್ಮೆ ನೋಡಿಕೊಳ್ಳಿ. ಮೊಟ್ಟೆಯಿಂದ ಸೊಳ್ಳೆಯಾಗೋಕೆ ನಮ್ಮೂರಿನ ಹವೆಯಲ್ಲಿ ಏಳೆಂಟರಿಂದ ಹತ್ತು ದಿನ ಸಾಕು.

ಗುಟ್ಟಹಳ್ಳಿ ಗುಂಡ:
ಅಳಿಸಿದೆ ಸಾರ್. ಹಾಲಿನಿಂದ ಬರೋ ಇಂಥದ್ದೇ ಯಾವುದೋ ವೈರಸ್ ಇದೆ ಅಂತ ಓದಿದ ನೆನಪು. ಅದೂ ಸುಳ್ಳಾ?

ಹೆಬ್ಬಾಳ ವೈರಾಲಜಿ:
ಅದು ನಿಜ, ಆದರೆ ಸೊಳ್ಳೆಯದ್ದಲ್ಲ. ಉಣ್ಣಿ ಹುಳುವಿನಿಂದ (ಟಿಕ್) ಹರಡುವ ಟಿಕ್-ಬೋರ್ನ್ ಎನ್ಸೆಫಲೈಟಿಸ್ ವೈರಸ್. ಮಧ್ಯ ಯೂರೋಪಿನಲ್ಲಿ ಸೋಂಕಿದ ಆಡು, ಕುರಿಗಳ ಹಸಿ ಹಾಲು ಕುಡಿದವರಿಗೆ ಬಂದಿದೆ. ಅದೂ ಫ್ಲೇವಿವೈರಸ್ಸೇ. ಹಾಲಿನ ಕೊಬ್ಬು, ಪ್ರೋಟೀನು ಜಠರದ ಹುಳಿಯನ್ನು ಸ್ವಲ್ಪ ತಗ್ಗಿಸಿ ಅದಕ್ಕೆ ಕವಚವಾಗುತ್ತವೆ. ಆ ವೈರಸ್ ಕ್ಯಾಕೋ-2 ಪದರಕ್ಕೆ ಸೋಂಕು ತಗುಲಿಸಿ ಆಚೆ ದಾಟಿದ್ದನ್ನು ಪ್ರಯೋಗಾಲಯದಲ್ಲೂ ತೋರಿಸಿದ್ದಾರೆ. ಹಾಲು ಕಾಯಿಸಿ ಕುಡಿದರೆ ವಿಷಯ ಮುಗಿಯಿತು. ನಮ್ಮ ಮಂಗನ ಕಾಯಿಲೆಯ ವೈರಸ್, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಾದದ್ದು, ಅದೇ ಬಳಗದ್ದು. ಆದರೆ ಮನುಷ್ಯರಿಗೆ ಅದು ಬರೋದು ಉಣ್ಣಿ ಕಚ್ಚಿಯೇ, ಅಥವಾ ಸೋಂಕಿದ ಮಂಗನನ್ನು ಮುಟ್ಟಿ.

ಸೊಳ್ಳೆ ವೈರಸ್‌ಗಳಲ್ಲಿ ಈ ಗಡಿಯನ್ನು ಸ್ವಲ್ಪ ಅಲುಗಾಡಿಸಿದ್ದು ಜಪಾನೀಸ್ ಎನ್ಸೆಫಲೈಟಿಸ್. ಹಂದಿಯಿಂದ ಹಂದಿಗೆ ಸೊಳ್ಳೆ ಇಲ್ಲದೆಯೂ ಬಾಯಿ-ಮೂಗಿನ ದಾರಿಯಲ್ಲಿ ಹರಡಬಹುದು ಅಂತ 2016ರಲ್ಲಿ ಪ್ರಯೋಗ ಪ್ರಕಟವಾಯಿತು. ಅಲ್ಲಿ ವೈರಸ್ ಬೀಡುಬಿಟ್ಟದ್ದು ಟಾನ್ಸಿಲ್‌ನಲ್ಲಿ. ಅಂದರೆ ಜಠರ ದಾಟುವ ಪ್ರಸಂಗವೇ ಬರಲಿಲ್ಲ.

ಪಿಪೆಟ್ ಪರಮೇಶಿ:
ಈಗ ಕೆಲಸದ ವಿಷಯ. ಬಳ್ಳಿಯವರೇ, ಬಜೆಟ್ ಬಿಗಿ ಅಂದ್ರಲ್ಲ, 24 ವೆಲ್ ಪ್ಲೇಟಿನ ಸಣ್ಣ ಇನ್‌ಸರ್ಟ್ ತಗೊಳ್ಳಿ. ವಿಸ್ತೀರ್ಣ 0.33 ಚದರ ಸೆಂಟಿಮೀಟರ್, ರಂಧ್ರ 0.4 ಮೈಕ್ರಾನ್. 3 ಮೈಕ್ರಾನಿನದ್ದು ಅಗ್ಗಕ್ಕೆ ಸಿಕ್ಕರೂ ಬೇಡ, ಕೋಶಗಳೇ ರಂಧ್ರದಲ್ಲಿ ನುಸುಳಿ ಕೆಳಗಡೆಯೂ ಒಂದು ಪದರ ಕಟ್ಟಿಬಿಡುತ್ತವೆ. ಆಗ ಯಾವುದು ಮೇಲೆ, ಯಾವುದು ಕೆಳಗೆ ಅನ್ನೋದೇ ಕಲಸುಮೇಲೋಗರ.

ಬಿತ್ತನೆ ಚದರ ಸೆಂಟಿಮೀಟರಿಗೆ 1 ಲಕ್ಷ ಕೋಶ, ಅಂದರೆ ಇನ್‌ಸರ್ಟಿಗೆ ಸುಮಾರು 33 ಸಾವಿರ. ಮೇಲೆ 0.2 ಎಂಎಲ್, ಕೆಳಗೆ 0.6 ಎಂಎಲ್ ಮಾಧ್ಯಮ. ಮೊದಲು ಕೆಳಗೆ ತುಂಬಿ, ಆಮೇಲೆ ಇನ್‌ಸರ್ಟ್ ಓರೆಯಾಗಿ ಇಳಿಸಿ. ನೇರ ಇಳಿಸಿದರೆ ಅಡಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಅಷ್ಟು ಜಾಗದ ಕೋಶಕ್ಕೆ ಕೆಳಗಿನಿಂದ ಆಹಾರವೇ ಇರಲ್ಲ. ಮಾಧ್ಯಮ ಎರಡು ದಿನಕ್ಕೊಮ್ಮೆ ಬದಲಿಸಿ. ತೆಗೆಯುವಾಗ ಮೊದಲು ಕೆಳಗಿನದು, ಆಮೇಲೆ ಮೇಲಿನದು. ಹೊಸದು ಮತ್ತೆ ತುಂಬುವಾಗ ಮೊದಲು ಮೇಲೆ. ಈ ಕ್ರಮ ತಪ್ಪಿದರೆ ಕೆಳಗಿನ ನೀರಿನ ಒತ್ತಡಕ್ಕೆ ಪದರ ಪೊರೆಯಿಂದ ಮೇಲೆದ್ದು ಬರುತ್ತೆ. ಇಪ್ಪತ್ತನೇ ದಿನ ಹೀಗಾದರೆ ಮೂರು ವಾರದ ಕೆಲಸ ಸಿಂಕಿಗೆ.

ಹೌದು, ಮೂರು ವಾರ. ಕ್ಯಾಕೋ-2 ದೊಡ್ಡ ಕರುಳಿನ ಕ್ಯಾನ್ಸರಿನಿಂದ ಬಂದ ಕೋಶವಾದರೂ ತುಂಬಿಕೊಂಡ ಮೇಲೆ 21 ದಿನ ಬಿಟ್ಟರೆ ಸಣ್ಣ ಕರುಳಿನ ಹೀರುಕೋಶದ ಥರ ಮಾಗುತ್ತೆ. ಐದು ದಿನದ ಕೋಶಕ್ಕೆ ವೈರಸ್ ಹಾಕಿ "ಕರುಳಿನ ಕೋಶ" ಅಂತ ಬರೆದರೆ ಪರೀಕ್ಷಕರು ಬಿಡಲ್ಲ. ಫ್ಲಾಸ್ಕಿನಲ್ಲಿರುವಾಗ ಶೇ 80 ತುಂಬುವ ಹೊತ್ತಿಗೇ ಟ್ರಿಪ್ಸಿನ್ ಮಾಡಿ ಎತ್ತಿ. ಪೂರ್ತಿ ತುಂಬಲು ಬಿಟ್ಟರೆ ಅಲ್ಲಲ್ಲಿ ಮಾಗಿದ ತೇಪೆಗಳಾಗಿ, ಇನ್‌ಸರ್ಟ್ ಮೇಲೆ ಪದರ ಒಂದೇ ಸಮ ಬರಲ್ಲ. ಪಾಸೇಜ್ ಸಂಖ್ಯೆ (ಎಷ್ಟು ಸಲ ಎತ್ತಿ ಮರುಬಿತ್ತನೆ ಆಗಿದೆ ಅನ್ನೋದು) 60 ದಾಟಿದ ಸಂತತಿಯನ್ನು ನಾನಂತೂ ಮುಟ್ಟಲ್ಲ. ಪುಣೆಯ ಎನ್‌ಸಿಸಿಎಸ್ ಸಂಗ್ರಹದಿಂದ ಹೊಸದು ತರಿಸಿ, ಬಂದ ವಾರವೇ ಮೈಕೋಪ್ಲಾಸ್ಮಾ (ಕೋಶಗಳಿಗೆ ಗುಟ್ಟಾಗಿ ಸೇರಿಕೊಳ್ಳುವ ಬ್ಯಾಕ್ಟೀರಿಯಾ) ಪಿಸಿಆರ್ ಮಾಡಿಸಿ. ಪಕ್ಕದ ಲ್ಯಾಬಿನವರು ಪ್ರೀತಿಯಿಂದ ಕೊಟ್ಟ ಫ್ಲಾಸ್ಕಿನ ಜೊತೆ ಮೈಕೋಪ್ಲಾಸ್ಮಾನೂ ಉಚಿತವಾಗಿ ಬರುವ ಸಂಭವ ಜಾಸ್ತಿ.

ಕರುಳುಬಳ್ಳಿ:
ಪರಮೇಶಿ ಸಾರ್, ಪದರ ಬಿಗಿಯಾಗಿದೆ ಅಂತ ಗೊತ್ತಾಗೋದು ಟೀರ್‌ನಿಂದ ತಾನೆ? ಎಷ್ಟು ಬಂದರೆ ಸರಿ?

ಪಿಪೆಟ್ ಪರಮೇಶಿ:
ಹೌದು, ಟೀರ್ ಅಂದರೆ ಪದರದ ವಿದ್ಯುತ್ ರೋಧ. ಕೋಶ ಇಲ್ಲದ ಖಾಲಿ ಇನ್‌ಸರ್ಟಿನ ಅಳತೆ ಕಳೆದು, ವಿಸ್ತೀರ್ಣದಿಂದ ಗುಣಿಸಿ. ಮೀಟರ್ 1320 ಓಮ್ ತೋರಿಸಿ, ಖಾಲಿಯದ್ದು 120 ಇದ್ದರೆ 1200 ಗುಣಿಸು 0.33, ಅಂದರೆ 396 ಓಮ್ ಚದರ ಸೆಂಟಿಮೀಟರ್. ತುಂಬಾ ಜನ ಭಾಗಿಸಿಬಿಡ್ತಾರೆ, ಆಗ ಸಂಖ್ಯೆ ನೋಡೋಕೆ ಭರ್ಜರಿ ಇರುತ್ತೆ, ಅರ್ಥ ಇರಲ್ಲ. ಕ್ಯಾಕೋ-2ಗೆ 300 ದಾಟಿ ಮೂರು ದಿನ ಅಲ್ಲೇ ನಿಂತಿದ್ದರೆ ಮುಂದುವರಿಯಿರಿ.

ಇನ್‌ಕ್ಯುಬೇಟರಿನಿಂದ ತೆಗೆದ ತಕ್ಷಣ ಅಳೆಯಬೇಡಿ. ತಣ್ಣಗಾಗ್ತಾ ಹೋದ ಹಾಗೆ ರೋಧ ಏರುತ್ತೆ. ಮೊದಲ ವೆಲ್‌ಗೂ ಇಪ್ಪತ್ತನಾಲ್ಕನೇ ವೆಲ್‌ಗೂ ಇರೋ ವ್ಯತ್ಯಾಸ ವೈರಸ್ಸಿನದ್ದಲ್ಲ, ಎಸಿಯದ್ದು. ಹುಡ್‌ನಲ್ಲಿ 20 ನಿಮಿಷ ಇಟ್ಟು, ಪ್ರತಿ ಸಲ ಅದೇ ಕ್ರಮದಲ್ಲಿ ಅಳೆಯಿರಿ. ಎಲೆಕ್ಟ್ರೋಡಿನ ಗಿಡ್ಡ ಕಡ್ಡಿ ಕೋಶದ ಪದರಕ್ಕೆ ತಾಗಿದರೆ ಗೀರು ಬೀಳುತ್ತೆ. ಆ ಗೀರಿನಿಂದ ಇಳಿದ ಟೀರನ್ನು "ಡೆಂಗಿ ಪದರ ಒಡೆಯಿತು" ಅಂತ ಗ್ರಾಫ್ ಹಾಕಿದವರಿದ್ದಾರೆ. ಸೋಂಕಿಲ್ಲದ ಇನ್‌ಸರ್ಟನ್ನೂ ಅಷ್ಟೇ ಸಲ ಅಳೆದಿದ್ದರೆ ತಾನೇ ಗೊತ್ತಾಗೋದು. ಜೊತೆಗೆ 4 ಕಿಲೋಡಾಲ್ಟನ್ ಫ್ಲೋರೊಸೀನ್ ಡೆಕ್ಸ್‌ಟ್ರಾನ್ ಮೇಲೆ ಹಾಕಿ ಎರಡು ಗಂಟೆ ಬಿಟ್ಟು ಕೆಳಗೆ ಎಷ್ಟು ಇಳಿದಿದೆ ನೋಡಿ. ಎರಡೂ ಒಂದೇ ಮಾತು ಹೇಳಿದರೆ ನಂಬಿ.

ತಳಮುಖದಿಂದ ಸೋಂಕು ಕೊಡೋಕೆ ಎರಡು ವಿಧಾನ. ಕೆಳಗಿನ ಕೋಣೆಯ ಮಾಧ್ಯಮಕ್ಕೇ ವೈರಸ್ ಬೆರೆಸಬಹುದು, ಆದರೆ 0.6 ಎಂಎಲ್‌ನಲ್ಲಿ ತೆಳುವಾಗಿ ಹೋಗುತ್ತೆ. ಇನ್ನೊಂದು, ಇನ್‌ಸರ್ಟನ್ನು ದೊಡ್ಡ ಡಿಶ್ಶಿನಲ್ಲಿ ತಲೆಕೆಳಗು ನಿಲ್ಲಿಸಿ ಪೊರೆಯ ಮೇಲೆ 70 ಮೈಕ್ರೋಲೀಟರ್ ವೈರಸ್ ಹನಿ ಇಟ್ಟು 37 ಡಿಗ್ರಿಯಲ್ಲಿ ಎರಡು ಗಂಟೆ. ಡಿಶ್ಶಿನಲ್ಲಿ ಒದ್ದೆ ಟಿಶ್ಯೂ ಇಡಿ, ಇಲ್ಲದಿದ್ದರೆ ಹನಿ ಅಂಚಿನಿಂದ ಒಣಗುತ್ತೆ. ಬುಡಮೇಲು ಮಾಡುವ ಮುಂಚೆ ಮೇಲಿನ ಮಾಧ್ಯಮ ಪೂರ್ತಿ ಹೀರಬೇಡಿ, ಒಂದು ತೆಳು ಪದರ ಉಳಿಸಿ. ಹೋಲಿಕೆ ನ್ಯಾಯವಾಗಿರಬೇಕಾದರೆ ಮೇಲ್ಮುಖಕ್ಕೂ ಅದೇ 70 ಮೈಕ್ರೋಲೀಟರ್, ಅದೇ ಎರಡು ಗಂಟೆ.

ಕೋಶ ಇಲ್ಲದ ಒಂದು ಖಾಲಿ ಇನ್‌ಸರ್ಟಿಗೂ ವೈರಸ್ ಹಾಕಿಡಿ. ಪೊರೆಗೆ ಎಷ್ಟು ಅಂಟಿತು, ರಂಧ್ರದಲ್ಲಿ ಎಷ್ಟು ಇಳಿಯಿತು ಅನ್ನೋದು ಅದರಿಂದಲೇ ಗೊತ್ತಾಗಬೇಕು.

ಹೆಬ್ಬಾಳ ವೈರಾಲಜಿ:
ಪರಮೇಶಿಯವರು ಹೇಳಿದ್ದರಲ್ಲಿ ತಿದ್ದೋಕೆ ಏನೂ ಇಲ್ಲ. ಈಗ ಸ್ಟಾಕಿನ ವಿಷಯ.

ಸಿ6/36 ಅಂದರೆ ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ಮರಿಹುಳುವಿನಿಂದ ಬಂದ ಕೋಶ. ಅದರ ಮೂಲ ಸಂತತಿಯನ್ನು 1967ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದಲ್ಲಿ ಕೆ.ಆರ್.ಪಿ. ಸಿಂಗ್ ಬೆಳೆಸಿದರು, 1978ರಲ್ಲಿ ಇಗರಾಶಿ ಅದರಿಂದ ಈ ತದ್ರೂಪು ಬೇರ್ಪಡಿಸಿದರು. ಪ್ರಪಂಚದ ಡೆಂಗಿ ಲ್ಯಾಬುಗಳೆಲ್ಲ ಇವತ್ತಿಗೂ ಇದರ ಮೇಲೆ ನಿಂತಿವೆ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ವೈರಸ್ ಬೆಳೆಸೋಕೆ ಅದು ಸೊಗಸು. ನಿಮ್ಮ ಪ್ರಶ್ನೆಗೆ ಮಾತ್ರ ಎರಡು ಕಾರಣಕ್ಕೆ ಸರಿಹೊಂದಲ್ಲ. ಸೊಳ್ಳೆ ಕೋಶದಿಂದ ಬಂದ ಡೆಂಗಿ ಕಣಗಳಲ್ಲಿ ಪಿಆರ್‌ಎಂ ಪ್ರೋಟೀನು ಸರಿಯಾಗಿ ಕತ್ತರಿಸದೆ ಉಳಿದ ಅಪಕ್ವ ಕಣಗಳು ಬಹಳ. ಇ-ಪ್ರೋಟೀನಿನ ಮೇಲಿನ ಸಕ್ಕರೆ ಸರಪಳಿಯೂ ಕೀಟದ ಥರದ್ದು. ಕರುಳಿಗೆ ರಕ್ತದ ಮೂಲಕ ಬರುವ ವೈರಸ್ ಆಗಲೇ ಮನುಷ್ಯನ ಕೋಶಗಳಲ್ಲಿ ಒಂದೆರಡು ಸುತ್ತು ಬೆಳೆದು ಬಂದಿರುತ್ತೆ. ಆದ್ದರಿಂದ ವೀರೋ ಕೋಶದಲ್ಲಿ (ಮಂಗನ ಮೂತ್ರಪಿಂಡದ ಕೋಶ) ಒಂದು ಸುತ್ತು ಬೆಳೆಸಿದ ಸ್ಟಾಕ್ ಮಾಡಿಕೊಳ್ಳಿ. ಸುತ್ತು ಜಾಸ್ತಿಯಾದರೆ ವೈರಸ್ ಹೆಪರಾನ್ ಸಲ್ಫೇಟಿಗೆ ಬಲವಾಗಿ ಅಂಟುವ ಹಾಗೆ ಒಗ್ಗಿಕೊಳ್ಳುತ್ತೆ, ಆಗ ತಳಮುಖದ ಫಲಿತಾಂಶ ಬೇಕೆಂದೇ ಉಬ್ಬಿಸಿದ ಹಾಗಾಗುತ್ತೆ. ಎರಡೂ ಸ್ಟಾಕ್ ಅಕ್ಕಪಕ್ಕ ಇಟ್ಟು ನೋಡಿದರೆ ಇನ್ನೂ ಒಳ್ಳೆಯದು.

ಸೋಂಕಿಲ್ಲದ ಹೋಲಿಕೆಗೆ ಬರೀ ಹೊಸ ಮಾಧ್ಯಮ ಹಾಕಬೇಡಿ. ವೈರಸ್ ಇಲ್ಲದೆ ಅಷ್ಟೇ ದಿನ ಅದೇ ಕೋಶಗಳ ಮೇಲೆ ಇಟ್ಟ ಮಾಧ್ಯಮ ಹಾಕಿ. ಸತ್ತ ಕೋಶದ ಚೂರು, ಸೈಟೊಕೈನ್ ಎಲ್ಲ ಅದರಲ್ಲೂ ಇರುತ್ತೆ.

ಸ್ಟಾಕನ್ನು 100 ಮೈಕ್ರೋಲೀಟರ್ ಟ್ಯೂಬುಗಳಾಗಿ ಹಂಚಿ ಶೇ 20 ಸೀರಮ್ ಜೊತೆ ಮೈನಸ್ 80ರಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಟೈಟರ್ (ಎಂಎಲ್‌ಗೆ ಎಷ್ಟು ಜೀವಂತ ವೈರಸ್ ಅನ್ನೋ ಸಂಖ್ಯೆ) ಬೀಳುತ್ತೆ, ಹಳೆಯ ಸಂಖ್ಯೆ ಸುಳ್ಳಾಗುತ್ತೆ.

ಕರುಳುಬಳ್ಳಿ:
ಎಂಒಐ, ಅಂದರೆ ಒಂದು ಕೋಶಕ್ಕೆ ಎಷ್ಟು ವೈರಸ್ ಅನ್ನೋ ಲೆಕ್ಕ, ಎಷ್ಟಿಡಲಿ ಮೇಡಂ? ಟೈಟರ್ ಕ್ಯೂಪಿಸಿಆರ್‌ನಿಂದ ತೆಗೆದರೆ ನಡೆಯುತ್ತಾ?

ಹೆಬ್ಬಾಳ ವೈರಾಲಜಿ:
ನಡೆಯಲ್ಲ. ಆರ್‌ಎನ್‌ಎ ಪ್ರತಿಗಳೆಲ್ಲ ಜೀವಂತ ವೈರಸ್ ಅಲ್ಲ. ಡೆಂಗಿಯಲ್ಲಿ ಒಂದು ಪ್ಲಾಕ್ (ವೈರಸ್ ಕೋಶಗಳನ್ನು ಕೊಂದ ಜಾಗದ ಬರಿದು ಚುಕ್ಕೆ) ಎಬ್ಬಿಸೋಕೆ ನೂರಾರು, ಕೆಲವು ಸಲ ಸಾವಿರಾರು ಪ್ರತಿ ಲೆಕ್ಕಕ್ಕೆ ಬರುತ್ತೆ. ಪ್ಲಾಕ್ ಅಸ್ಸೇ ಮಾಡಿ. ಬಿಎಚ್‌ಕೆ-21 (ಹ್ಯಾಮ್‌ಸ್ಟರ್ ಕೋಶ) ಅಥವಾ ವೀರೋ, ಮೇಲೆ ಸುಮಾರು ಶೇ 1 ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಡೆಂಗಿ-2ಕ್ಕೆ ಐದಾರು ದಿನ ಅಲುಗಾಡಿಸದೆ ಇಡಬೇಕು, ಆಮೇಲೆ ಕ್ರಿಸ್ಟಲ್ ವಯೊಲೆಟ್. ಅಲುಗಾಡಿದರೆ ಪ್ಲಾಕಿಗೆ ಧೂಮಕೇತುವಿನ ಬಾಲ ಬರುತ್ತೆ, ಎಣಿಸೋಕಾಗಲ್ಲ. ಹತ್ತು ಸಾವಿರಕ್ಕೊಂದು ತೆಳುಪಿನಲ್ಲಿ 0.2 ಎಂಎಲ್ ಹಾಕಿ 30 ಪ್ಲಾಕ್ ಬಂದರೆ ಟೈಟರ್ ಎಂಎಲ್‌ಗೆ 15 ಲಕ್ಷ.

ಮಾಗಿದ ಸಣ್ಣ ಇನ್‌ಸರ್ಟಿನಲ್ಲಿ ಸುಮಾರು 1 ಲಕ್ಷ ಕೋಶ ಇದ್ದರೆ ಎಂಒಐ 1ಕ್ಕೆ ಬೇಕಾಗೋದು 67 ಮೈಕ್ರೋಲೀಟರ್. ಪರಮೇಶಿಯವರ 70ರ ಹನಿ ಅಲ್ಲಿಗೆ ಸರಿಹೋಯಿತು. ಕೋಶದ ಸಂಖ್ಯೆ ಊಹಿಸಬೇಡಿ, ಒಂದು ಇನ್‌ಸರ್ಟ್ ಬಲಿಕೊಟ್ಟು ಎಣಿಸಿ. ಎಂಒಐ 1 ಅಂದರೆ ಎಲ್ಲ ಕೋಶಕ್ಕೂ ಒಂದೊಂದು ಅಂತಲ್ಲ. ಪ್ವಾಸೋನ್ ಲೆಕ್ಕದಲ್ಲಿ ಶೇ 37 ಕೋಶಗಳಿಗೆ ಒಂದೂ ಸಿಗಲ್ಲ. 5ಕ್ಕೆ ಏರಿಸಿದರೆ ಶೇ 99 ಮುಟ್ಟುತ್ತೆ. ಅದೂ ಪ್ಲಾಕ್ ಎಣಿಸಿದ ಬಿಎಚ್‌ಕೆ ಕೋಶದ ಲೆಕ್ಕ, ಕ್ಯಾಕೋ-2 ಅಷ್ಟು ಸಲೀಸಾಗಿ ಬಾಗಿಲು ತೆಗೆಯಬೇಕೆಂದೇನಿಲ್ಲ. ನಾನಾದರೆ 1 ಮತ್ತು 5 ಎರಡೂ ಇಡ್ತೀನಿ.

ಈಗ ಆರ್‌ಎನ್‌ಎ. 48 ಗಂಟೆಗೆ ಆರ್‌ಎನ್‌ಎ ಸಿಕ್ಕಿತು ಅಂದರೆ ಸೋಂಕಾಯಿತು ಅಂತಲ್ಲ. ನೀವು ಹಾಕಿದ್ದೇ ಗೋಡೆಗೆ ಅಂಟಿ ಉಳಿದಿರಬಹುದು. ಮೂರು ಸಲ ತೊಳೆದು, 2 ಗಂಟೆಯ ಮಾದರಿಯನ್ನು ತಳಪಾಯ ಮಾಡಿಕೊಂಡು 24, 48, 72ಕ್ಕೆ ಮೇಲಿನ ಮತ್ತು ಕೆಳಗಿನ ಕೋಣೆ ಎರಡರಿಂದಲೂ ಪ್ಲಾಕ್ ಎಣಿಸಿ. ಯುವಿ ಹಾಯಿಸಿ ಕೊಂದ ಅದೇ ಸ್ಟಾಕ್ ಪಕ್ಕದಲ್ಲಿರಲಿ. ಇನ್ನೊಂದು ಇನ್‌ಸರ್ಟಿಗೆ 20 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಒಂದು ಗಂಟೆ ಮುಂಚೆಯೇ ಹಾಕಿ. ಎಂಡೋಸೋಮ್ ಹುಳಿಯಾಗದೆ ವೈರಸ್ ಒಳಗೇ ಸಿಕ್ಕಿಕೊಳ್ಳುತ್ತೆ. ಅಲ್ಲೂ ಸಂಖ್ಯೆ ಏರಿದರೆ ನಿಮ್ಮ ಪ್ರಯೋಗದಲ್ಲಿ ಏನೋ ಎಡವಟ್ಟು. ಅಗ್ಗದ ರಾಸಾಯನಿಕ, ಎಲ್ಲ ಲ್ಯಾಬಿನಲ್ಲೂ ಇರುತ್ತೆ.

ಕೋಶದ ಒಳಗೆ ನೋಡೋಕೆ ಇ-ಪ್ರೋಟೀನಿನ 4ಜಿ2 ಆಂಟಿಬಾಡಿ ಸಾಮಾನ್ಯ. ಅದು ಕೂತಿರೋ ವೈರಸ್ಸನ್ನೂ ತೋರಿಸುತ್ತೆ. ವೈರಸ್ಸಿನ ಎನ್‌ಎಸ್3 ಪ್ರೋಟೀನು ಸಾಚಾ ಸಾಕ್ಷಿ, ಯಾಕಂದರೆ ಅದು ಕಣದ ಭಾಗವಲ್ಲ, ಕೋಶದಲ್ಲಿ ತಯಾರಾದರೆ ಮಾತ್ರ ಕಾಣುತ್ತೆ. ಋಣ ಎಳೆಯ ಆರ್‌ಎನ್‌ಎ (ವೈರಸ್ ನಕಲಾಗುವಾಗ ಹುಟ್ಟುವ ಎದುರು ಎಳೆ) ಅಳೆಯುವುದಾದರೆ ಬಾಲಕ್ಕೆ ಬೇರೆ ಗುರುತು ಕಟ್ಟಿದ ಪ್ರೈಮರಿನಿಂದ ಸಿಡಿಎನ್‌ಎ ಮಾಡಿ. ಬರೀ ಪ್ರೈಮರ್ ಹಾಕಿದರೆ ಆರ್‌ಎನ್‌ಎ ತಾನೇ ಮಡಚಿಕೊಂಡು ಪ್ರೈಮ್ ಆಗಿ ಧನ ಎಳೆಯನ್ನೂ ಋಣ ಅಂತ ತೋರಿಸುತ್ತೆ.

ವಾರ್ಡ್ ರೌಂಡ್ಸ್:
ಆಸ್ಪತ್ರೆ ಕಡೆಯಿಂದ ಒಂದು ತಕರಾರು. ನೀವು ಡಿಶ್ಶಿನಲ್ಲಿ ಏನೇ ತೋರಿಸಿ, ಡೆಂಗಿಯ ಹೊಟ್ಟೆನೋವನ್ನೆಲ್ಲ ಕರುಳಿನ ಕೋಶದ ಸೋಂಕಿಗೆ ಕಟ್ಟಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಎಚ್ಚರಿಕೆ ಲಕ್ಷಣಗಳಲ್ಲಿ ಹೊಟ್ಟೆನೋವು, ಬಿಡದ ವಾಂತಿ ಮೊದಲಿಗೇ ಇವೆ. ಆದರೆ ಅವು ಜೋರಾಗೋದು ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ. ರಕ್ತದಲ್ಲಿ ವೈರಸ್ ಕಡಿಮೆಯಾಗ್ತಿರುವ ಸಮಯ ಅದು. ಆಗ ನಡೆಯೋದು ರಕ್ತನಾಳದ ಸೋರಿಕೆ. ವೈರಸ್ಸಿನ ಎನ್‌ಎಸ್1 ಪ್ರೋಟೀನು ರಕ್ತನಾಳದ ಒಳಗೋಡೆಯ ಸಕ್ಕರೆ ಲೇಪವನ್ನು ಕೆಡಿಸುತ್ತೆ, ಟಿಎಲ್‌ಆರ್4 ಗ್ರಾಹಕದ ಮೂಲಕ ಉರಿಯೂತ ಎಬ್ಬಿಸುತ್ತೆ ಅಂತ 2015ರಿಂದೀಚೆಗೆ ಗೊತ್ತಾಗಿದೆ. ಸ್ಕ್ಯಾನ್ ಮಾಡಿದರೆ ಪಿತ್ತಕೋಶದ ಗೋಡೆ ಊದಿಕೊಂಡಿರುತ್ತೆ, ಹೊಟ್ಟೆಯಲ್ಲಿ ನೀರು. ಅಪೆಂಡಿಕ್ಸ್ ಅಂದುಕೊಂಡು ಸರ್ಜರಿಗೆ ಬರೆಯುವ ಮುಂಚೆ ಹಿಮಟೊಕ್ರಿಟ್ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನೋ ಅಳತೆ) ನೋಡಬೇಕು ಅನ್ನೋದು ಇದಕ್ಕೇ.

ಮಲದಲ್ಲಿ ಡೆಂಗಿ ಆರ್‌ಎನ್‌ಎ ಸಿಕ್ಕಿದರೂ ಅದು ಕರುಳಿನ ಕೋಶದ್ದೇ ಅಂತ ಹೇಳೋ ಹಾಗಿಲ್ಲ. ಜಠರ, ಕರುಳಿನಲ್ಲಿ ರಕ್ತ ಒಸರಿದರೆ ರಕ್ತದ ಆರ್‌ಎನ್‌ಎ ಮಲಕ್ಕೆ ಬರುತ್ತೆ.

ಗುಂಡ ಅವರಂಥವರು ಓದ್ತಿರೋದರಿಂದ ಇದನ್ನೂ ಸೇರಿಸ್ತೀನಿ: ಜ್ವರದ ಜೊತೆ ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು ಹೆಚ್ಚಾದರೆ, ಮಲ ಕಪ್ಪಗೆ ಡಾಂಬರಿನ ಹಾಗೆ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬೇಡಿ, ಜಠರದಲ್ಲಿ ರಕ್ತಸ್ರಾವ ಹೆಚ್ಚುತ್ತೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಕುಡಿಯೋಕೆ ಓಆರ್‌ಎಸ್.

ಹೆಬ್ಬಾಳ ವೈರಾಲಜಿ:
ಡಾಕ್ಟರ ತಕರಾರು ನ್ಯಾಯವಾದದ್ದು. ಡಿಶ್ಶಿನಲ್ಲಿ ಸೋಂಕಾಗುತ್ತೆ, ರೋಗಿಯಲ್ಲಿ ಸೋಂಕಾಗುತ್ತೆ, ಆ ಸೋಂಕೇ ಲಕ್ಷಣ ತರುತ್ತೆ. ಈ ಮೂರಕ್ಕೂ ಬೇರೆ ಬೇರೆ ಸಾಕ್ಷಿ ಬೇಕು. ಬಳ್ಳಿಯವರ ಪ್ರಾಜೆಕ್ಟ್ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತೆ, ಶೀರ್ಷಿಕೆಯೂ ಅಷ್ಟರಲ್ಲೇ ನಿಲ್ಲಲಿ.

ಕರುಳು ಅಂದರೆ ಒಳಪದರದ ಕೋಶ ಒಂದೇ ಅಲ್ಲ ಅನ್ನೋದೂ ನೆನಪಿರಲಿ. ವೆಸ್ಟ್ ನೈಲ್, ಝಿಕಾ ವೈರಸ್‌ಗಳು ಇಲಿಗಳ ಕರುಳಿನ ಗೋಡೆಯಲ್ಲಿರುವ ನರಕೋಶಗಳನ್ನು ಹಿಡಿಯುತ್ತವೆ, ವೈರಸ್ ಕೊಲ್ಲಲು ಬಂದ ಸಿಡಿ8 ಟಿ-ಕೋಶಗಳೇ ಆ ನರಗಳನ್ನು ಘಾಸಿಮಾಡಿ ಕರುಳಿನ ಚಲನೆ ಕೆಡಿಸುತ್ತವೆ ಅಂತ 2018ರಲ್ಲಿ ತೋರಿಸಿದರು. ಚಿಕುನ್‌ಗುನ್ಯಾ ಬೇರೆ ಬಳಗ, ಆಲ್ಫಾವೈರಸ್. ಅದಕ್ಕೆ ಫೈಬ್ರೊಬ್ಲಾಸ್ಟ್ ಕೋಶ ಅಂದರೆ ಪ್ರಾಣ, ಅಲ್ಲಿರುವ ಎಂಎಕ್ಸ್‌ಆರ್‌ಎ8 ಗ್ರಾಹಕ 2018ರಲ್ಲಿ ಗೊತ್ತಾಯಿತು. ಚಿಕುನ್‌ಗುನ್ಯಾ ಹಾಕಿ ನೋಡೋ ಆಸೆ ಇದ್ದರೆ ಬರೀ ಕ್ಯಾಕೋ-2 ಸಾಲದು, ಕೆಳಗಿನ ಕೋಣೆಯಲ್ಲಿ ಫೈಬ್ರೊಬ್ಲಾಸ್ಟ್ ಜೊತೆಗಿಡಬೇಕು. ಜೈವಿಕ ಸುರಕ್ಷತೆಯ ಮಟ್ಟವೂ ಮೊದಲೇ ಕೇಳಿಕೊಳ್ಳಿ.

ವಾರ್ಡ್ ರೌಂಡ್ಸ್:
ಆ್ಯಂಟಿಬಯೋಟಿಕ್ ಬಗ್ಗೆ ಯಾರಾದರೂ ಹೇಳಿ. ಜ್ವರ, ಭೇದಿ ಅಂದರೆ ಸಾಕು, ವಿಡಾಲ್ ಟೆಸ್ಟ್ ಒಂಚೂರು ಪಾಸಿಟಿವ್ ಬಂತು ಅಂತ ಟೈಫಾಯ್ಡ್ ಔಷಧಿ ಶುರು ಮಾಡಿಬಿಡ್ತಾರೆ.

ಹೆಬ್ಬಾಳ ವೈರಾಲಜಿ:
ಇಲಿಗಳಲ್ಲಿ ಇದಕ್ಕೆ ನೇರ ಸಾಕ್ಷಿ ಇದೆ. ಆ್ಯಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ತೆಗೆದರೆ ವೆಸ್ಟ್ ನೈಲ್, ಡೆಂಗಿ, ಝಿಕಾ ಮೂರೂ ತೀವ್ರವಾಗುತ್ತವೆ. ಚಿಕುನ್‌ಗುನ್ಯಾದಲ್ಲಿ ಇನ್ನೂ ಸ್ಪಷ್ಟ: ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಅನ್ನೋ ಬ್ಯಾಕ್ಟೀರಿಯಾ ಪಿತ್ತರಸವನ್ನು ಡಿಯಾಕ್ಸಿಕೋಲಿಕ್ ಆಮ್ಲವಾಗಿ ಬದಲಿಸುತ್ತೆ, ಅದು ಇದ್ದರೆ ಪ್ರತಿರಕ್ಷಣಾ ಕೋಶಗಳು ಇಂಟರ್‌ಫೆರಾನ್ (ವೈರಸ್ ತಡೆಯೋಕೆ ಎಚ್ಚರಿಸುವ ಪ್ರೋಟೀನು) ಚೆನ್ನಾಗಿ ಬಿಡುತ್ತವೆ, ರಕ್ತದಲ್ಲಿ ವೈರಸ್ ಕಡಿಮೆ. ಇದು ಇಲಿಯ ಮಾತು, ಮನುಷ್ಯರಿಗೆ ಹಾಗೇ ಎತ್ತಿಡೋಕಾಗಲ್ಲ. ಆದರೆ ವೈರಸ್ ಜ್ವರಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡಲ್ಲ ಅನ್ನೋದಕ್ಕಂತೂ ಇಲಿ ಬೇಕಿಲ್ಲ.

ಮ್ಯಾಟ್ರಿಜೆಲ್ ಮಂಜು:
ಕ್ಯಾಕೋ-2 ಬಗ್ಗೆ ಇಷ್ಟೆಲ್ಲ ಆಯಿತು, ಆರ್ಗನಾಯ್ಡ್ (ಕಾಂಡಕೋಶದಿಂದ ಬೆಳೆಸುವ ಪುಟ್ಟ ಕರುಳಿನ ಉಂಡೆ) ಯಾಕೆ ಬೇಡ? 2009ರಲ್ಲಿ ಸಾಟೊ ಮತ್ತು ಕ್ಲೆವರ್ಸ್ ಇಲಿಯ ಕರುಳಿನ ಕಾಂಡಕೋಶದಿಂದ ಮಾಡಿದ್ದು, 2011ರ ಹೊತ್ತಿಗೆ ಮನುಷ್ಯರದ್ದೂ ಆಯಿತು. ಹೀರುಕೋಶ, ಲೋಳೆಕೋಶ, ಪ್ಯಾನೆತ್, ಹಾರ್ಮೋನ್ ಕೋಶ ಎಲ್ಲ ಒಂದೇ ಉಂಡೆಯಲ್ಲಿ. ಉಳಿದ ವೈರಸ್‌ನವರು "ಮೇಲ್ಮುಖ ಒಳಗಡೆ ಇದೆ" ಅಂತ ತಲೆ ಚಚ್ಚಿಕೊಂಡು ಆರ್ಗನಾಯ್ಡನ್ನು ಒಳಹೊರಗು ಮಾಡ್ತಾರೆ. ಸೊಳ್ಳೆ ವೈರಸ್‌ನವರಿಗೆ ಅದೇ ವರ. ಹೊರಗಿರೋದು ತಳಮುಖವೇ.

ಅಡ್ಡಿ ಏನಪ್ಪಾ ಅಂದರೆ ಮ್ಯಾಟ್ರಿಜೆಲ್, ಆರ್ಗನಾಯ್ಡನ್ನು ಹುದುಗಿಸಿ ಬೆಳೆಸುವ ಜೆಲ್. ಜೆಲ್ಲಿನ ಹೊರಗಿನಿಂದ ವೈರಸ್ ಸುರಿದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ, ಜೆಲ್ಲಿನಲ್ಲೂ ಹೆಪರಾನ್ ಸಲ್ಫೇಟ್ ಇದೆಯಲ್ಲ. ಐಸ್ ಮೇಲೆ ಕೋಶ ಬಿಡಿಸುವ ದ್ರಾವಣದಲ್ಲಿ 45 ನಿಮಿಷ ಇಟ್ಟು ಜೆಲ್ ಕರಗಿಸಿ, 300 ಜಿಯಲ್ಲಿ 5 ನಿಮಿಷ ತಿರುಗಿಸಿ. ತುದಿಗಳನ್ನು ಅಲ್ಬುಮಿನ್‌ನಲ್ಲಿ ನೆನೆಸಿಡಿ, ಇಲ್ಲದಿದ್ದರೆ ಅರ್ಧ ಆರ್ಗನಾಯ್ಡ್ ಪ್ಲಾಸ್ಟಿಕ್ಕಿಗೇ ಅಂಟಿ ಹೋಗುತ್ತೆ. 150 ಮೈಕ್ರೋಲೀಟರ್ ವೈರಸ್ ಜೊತೆ 37 ಡಿಗ್ರಿಯಲ್ಲಿ ಎರಡು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಬೆರಳಲ್ಲಿ ಮೆಲ್ಲಗೆ ತಟ್ಟಿ. ತೊಳೆದು ಮತ್ತೆ ಹೊಸ ಜೆಲ್ಲಿನಲ್ಲಿ ಕೂರಿಸಿ. ಪಿಪೆಟ್ಟಿನಿಂದ ಒರಟಾಗಿ ಏರಿಳಿಸಿದರೆ ಉಂಡೆ ಒಡೆದು ಮೇಲ್ಮುಖವೂ ತೆರೆದುಕೊಳ್ಳುತ್ತೆ, ಆಗ ಯಾವ ಕಡೆಯಿಂದ ಹೋಯಿತು ಅನ್ನೋ ಪ್ರಶ್ನೆ ಮತ್ತೆ ಮೊದಲಿಗೆ.

ಸೋಂಕಿಗೆ ನಾಲ್ಕೈದು ದಿನ ಮುಂಚೆ ಮಾಧ್ಯಮದಿಂದ ಡಬ್ಲ್ಯುಎನ್‌ಟಿ3ಎ ತೆಗೆದುಬಿಡಿ, ಇಲ್ಲದಿದ್ದರೆ ಎಲ್ಲ ಕಾಂಡಕೋಶವೇ. ಒಬ್ಬ ದಾನಿಯ ಅಂಗಾಂಶ ಸಾಲದು, ಕನಿಷ್ಠ ಮೂವರದ್ದು ಬೇಕು. ಒಬ್ಬರದ್ದು ಶೇ 10 ಸೋಂಕಾದರೆ ಇನ್ನೊಬ್ಬರದ್ದು ಶೇ 1ಕ್ಕೆ ನಿಲ್ಲಬಹುದು. ನೈತಿಕ ಸಮಿತಿಯ ಒಪ್ಪಿಗೆ, ದಾನಿಯ ಸಹಿ, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ, ಇದಕ್ಕೇ ತಿಂಗಳುಗಳು ಹಿಡಿಯುತ್ತೆ. ಎಂಎಸ್ಸಿ ಅವಧಿಯಲ್ಲಿ ಕಷ್ಟ.

ಕರುಳುಬಳ್ಳಿ:
ಹಾಗಾದ್ರೆ ಕ್ಯಾಕೋ-2ನಲ್ಲೇ ಇರ್ತೀನಿ. ಕೊನೆಯ ಪ್ರಶ್ನೆ. ಸೋಂಕಾದ ಕೋಶ ಶೇ 2-3 ಮಾತ್ರ ಬಂದರೆ ಏನಂತ ಬರೆಯಲಿ? ವೈರಸ್‌ಗೆ ಒಳಗೆ ಹೋಗೋಕೇ ಆಗಲಿಲ್ಲವಾ, ಹೋದ ಮೇಲೆ ಕೋಶ ತಡೆಯಿತಾ?

ಹೆಬ್ಬಾಳ ವೈರಾಲಜಿ:
ಒಳ್ಳೆಯ ಪ್ರಶ್ನೆ, ಪರೀಕ್ಷಕರೂ ಇದನ್ನೇ ಕೇಳ್ತಾರೆ. ಕರುಳಿನ ಒಳಪದರ ವೈರಸ್ ಕಂಡರೆ ಮುಖ್ಯವಾಗಿ ಮೂರನೇ ಬಗೆಯ ಇಂಟರ್‌ಫೆರಾನ್, ಲ್ಯಾಂಬ್ಡಾ, ಬಿಡುತ್ತೆ. ಅದು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸಿ ಸೋಂಕನ್ನು ಅಲ್ಲಲ್ಲೇ ಕಟ್ಟಿಹಾಕುತ್ತೆ. ಡೆಂಗಿಯ ಎನ್‌ಎಸ್5 ಈ ಸಂದೇಶ ಸಾಗಿಸುವ ಮನುಷ್ಯರ ಸ್ಟಾಟ್2 ಪ್ರೋಟೀನನ್ನು ನಾಶಮಾಡಿ ಇದರಿಂದ ತಪ್ಪಿಸಿಕೊಳ್ಳುತ್ತೆ, ಆದರೆ ಅದು ಸೋಂಕಾದ ಕೋಶದ ಒಳಗೆ ಮಾತ್ರ. ಪಕ್ಕದ ಕೋಶ ಆಗಲೇ ಎಚ್ಚೆತ್ತಿದ್ದರೆ ಅದರ ಆಟ ನಡೆಯಲ್ಲ.

ರಕ್ಸೊಲಿಟಿನಿಬ್ 2 ಮೈಕ್ರೋಮೋಲಾರ್, ಸೋಂಕಿಗೆ ಎರಡು ಗಂಟೆ ಮುಂಚೆಯಿಂದ ಕೊನೆಯವರೆಗೂ ಎರಡು ಕೋಣೆಯಲ್ಲೂ ಇರಲಿ. ಅದು ಜ್ಯಾಕ್ ಕಿಣ್ವವನ್ನು ತಡೆದು ಇಂಟರ್‌ಫೆರಾನ್ ಸಂದೇಶವನ್ನೇ ಕತ್ತರಿಸುತ್ತೆ. ಶೇ 3 ಇದ್ದದ್ದು ಶೇ 20-30ಕ್ಕೆ ಏರಿದರೆ ಕೋಶವೇ ತಡೀತಿತ್ತು ಅಂತ. ಏರದಿದ್ದರೆ ತೊಡಕು ಬಾಗಿಲಲ್ಲೇ ಇದೆ. ಆಗ ವೈರಲ್ ಆರ್‌ಎನ್‌ಎಯನ್ನೇ ಎಲೆಕ್ಟ್ರೋಪೊರೇಷನ್ ಮಾಡಿ ನೇರ ಒಳಗೆ ಹಾಕಿ ನೋಡಬಹುದು. ಒಂದು ಎಚ್ಚರ: ಕ್ಯಾಕೋ-2ನ ಇಂಟರ್‌ಫೆರಾನ್ ಪ್ರತಿಕ್ರಿಯೆ ಸ್ವಲ್ಪ ಮಂದ. ಆಗುವುದಾದರೆ ಟಿ84 ಅನ್ನೋ ಇನ್ನೊಂದು ಕರುಳಿನ ಕೋಶದಲ್ಲೂ ಮಾಡಿ.

ಪಿಪೆಟ್ ಪರಮೇಶಿ:
ಇನ್‌ಸರ್ಟ್ ಲೆಕ್ಕ ಹಾಕಿಕೊಡ್ತೀನಿ ಬಳ್ಳಿಯವರೇ. ಮೇಲ್ಮುಖ, ತಳಮುಖ, ಎರಡಕ್ಕೂ ಎಂಒಐ 1 ಮತ್ತು 5, ಅದಕ್ಕೆ 4. ಯುವಿ 2, ಅಮೋನಿಯಂ ಕ್ಲೋರೈಡ್ 2, ರಕ್ಸೊಲಿಟಿನಿಬ್ 2, ಸೋಂಕಿಲ್ಲದ್ದು 2, ಕೋಶ ಎಣಿಸೋಕೆ 1, ಖಾಲಿ 1. ಒಟ್ಟು 14. ಖಾಲಿಯದ್ದೊಂದನ್ನು ಬಿಟ್ಟು ಉಳಿದ 13ಕ್ಕೂ ಕೋಶ ಬಿತ್ತಬೇಕು, ಟೀರ್ ಬರದ ಎರಡು ಮೂರು ಹೋಗೇ ಹೋಗುತ್ತವೆ ಅಂತ 16 ಬಿತ್ತಿ. ಒಂದೇ ಪ್ಲೇಟಿನ ಮೂರು ವೆಲ್ ಇಟ್ಟು ಮೂರು ಸಲ ಮಾಡಿದೆ ಅಂತ ಬರೆಯಬೇಡಿ. ಬೇರೆ ಬೇರೆ ದಿನ, ಬೇರೆ ಪಾಸೇಜಿನಲ್ಲಿ ಮೂರು ಸಲ ಮಾಡಿದರೆ ಅದು ಮೂರು. ವಾರಕ್ಕೊಂದರಂತೆ ಬಿತ್ತನೆ ಸಾಲಾಗಿ ಇಟ್ಟರೆ ಐದನೇ ವಾರದ ಕೊನೆಗೆ ಮೂರೂ ಸಿದ್ಧ. ಮಾದರಿ ತೆಗೆದಾಗ ತೆಗೆದಷ್ಟೇ ಮಾಧ್ಯಮ ವಾಪಸ್ ತುಂಬಿ, ಎಷ್ಟು ತುಂಬಿದಿರಿ ಅಂತ ಪುಸ್ತಕದಲ್ಲಿ ಬರೆದಿಡಿ, ಇಲ್ಲದಿದ್ದರೆ 72 ಗಂಟೆಯ ಟೈಟರಿಗೆ ತೆಳುಪಿನ ತಿದ್ದುಪಡಿ ಮಾಡೋಕಾಗಲ್ಲ. ಬಳಸಿದ ಇನ್‌ಸರ್ಟುಗಳನ್ನು ಶೇ 1 ಹೈಪೋಕ್ಲೋರೈಟಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಹೈಪೋಕ್ಲೋರೈಟ್ ಹಾಕಿದ ತ್ಯಾಜ್ಯ ಆಟೋಕ್ಲೇವಿಗೆ ಹೋಗಬಾರದು, ಕ್ಲೋರಿನ್ ಅನಿಲ ಬರುತ್ತೆ. ಪ್ಲೇಟು, ತುದಿಗಳಂಥ ಒಣ ತ್ಯಾಜ್ಯಕ್ಕೆ ಬೇರೆ ಚೀಲ ಇಡಿ.